ಎಡಗೈಯಲ್ಲಿ ಕೊಟ್ಟ ಚಾವಿ

ಕಿತ್ತೂರಿನ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನೀಲಪ್ಪನ ಗ್ಯಾರೇಜು. ಗ್ಯಾರೇಜು ಅನ್ನುವುದೇ ದೊಡ್ಡ ಮಾತು. ನಾಲ್ಕು ತಗಡು, ಒಂದು ಬೇವಿನ ಮರ, ಎಣ್ಣೆ ಕುಡಿದು ಕಪ್ಪಾದ ನೆಲ. ಹಳೆಯ ಲಾರಿಗಳ ಮುಂದಿನ ಗಾಲಿಗಳ ಕೆಲಸ ಅವನದು. ಸ್ಟೇರಿಂಗ್ ನಡುಗುತ್ತದೆ, ಗಾಡಿ ಒಂದೇ ಕಡೆ ಎಳೆಯುತ್ತದೆ, ಟಾಯರ್ ಒಂದೇ ಮಗ್ಗುಲು ಸವೆಯುತ್ತದೆ ಎಂದು ಗೋಳು ತೋಡಿಕೊಂಡು ಬಂದವರಿಗೆ ಅವನು ಮೊದಲೇ ಜ್ಯಾಕ್ ಹಚ್ಚುತ್ತಿರಲಿಲ್ಲ. ಡ್ರೈವರನನ್ನೇ ಓಡಿಸಲು ಹೇಳಿ, ತಾನು ಪಕ್ಕದಲ್ಲಿ ಕೂತು ಬೈಲಹೊಂಗಲ ಕ್ರಾಸಿನ ತನಕ ಹೋಗಿಬರುತ್ತಿದ್ದ. ಡ್ರೈವರ್ ಹೇಳುವುದನ್ನು ಅರ್ಧ ನಂಬಿ, ಉಳಿದದ್ದನ್ನು ಕಣ್ಣಾರೆ ನೋಡಬೇಕು ಅನ್ನುವ ಮನುಷ್ಯ.

ತನ್ನ ಲಾರಿಯನ್ನು ತಾನೇ ಓಡಿಸುವ ದೊಡವಾಡದ ಸಂಗಪ್ಪ ಬಂದರೆ ಮಾತ್ರ ಅವನ ಮುಖ ಅರಳುತ್ತಿತ್ತು. ನೀಲಪ್ಪ ಕೆಲಸಕ್ಕೆ ನಿಂತ ಹೊಸದರಲ್ಲಿ, ಅವನು ಯಾವ ಕೇರಿಯವನೆಂದು ಗೊತ್ತಿದ್ದ ಜನ ಒಡಕು ಕಪ್ಪಿನಲ್ಲಿ ಚಹಾ ಹಾಕಿ ದೂರ ಇಡುತ್ತಿದ್ದರು. ಚಾವಿ ಕೊಡುವಾಗಲೂ ಅಷ್ಟೇ, ಕೈಗೆ ಕೈ ತಾಗೀತೆಂದು ಬಾನೆಟ್ಟಿನ ಮೇಲೆ ಇಟ್ಟು ಹೋಗುತ್ತಿದ್ದರು. ಸಂಗಪ್ಪ ಲಿಂಗಾಯತರವನು. ಮೊದಲ ದಿನವೇ ಬಲಗೈಯಿಂದ ಚಾವಿಯನ್ನು ನೀಲಪ್ಪನ ಅಂಗೈಯಲ್ಲಿಟ್ಟ. ತನ್ನ ಚಹಾದಲ್ಲಿ ಅರ್ಧವನ್ನು ಬಶಿಗೆ ಸುರಿದು ಕೊಟ್ಟ. ಭಾಷಣವೇನೂ ಮಾಡಲಿಲ್ಲ ಪುಣ್ಯಾತ್ಮ. ಇಬ್ಬರ ತಲೆ ನೆರೆತರೂ ನೀಲಪ್ಪ ಅದನ್ನು ಮರೆತಿರಲಿಲ್ಲ.

ಈ ಸಲ ಮಳೆಗಾಲ ಮುಗಿದ ಮೇಲೆ ಸಂಗಪ್ಪ ಲಾರಿ ತಂದ.

"ಎಡಕ್ಕ ಎಳಿಯಾಕ ಹತ್ತೇತಿ ನೋಡೋ, ನೀಲಪ್ಪ."

ಎಡಗಾಲಿಯ ಟಾಯರಿನ ಒಳಮಗ್ಗುಲು ನುಣ್ಣಗೆ ತಿಂದುಹೋಗಿತ್ತು. ಗಾಲಿ ಹಿಡಿದು ಅಲುಗಿಸಿದರೆ ಸ್ಟೇರಿಂಗ್ ಸರಳನ್ನು ಗಾಲಿಗೆ ಜೋಡಿಸುವ ಗುಂಡು ಸಡಿಲಾಗಿ ಲಟಲಟ ಅಂದಿತು. ಕಣ್ಣಿಗೆ ಕಾಣುವ ರೋಗ. ಸುತ್ತು ಹಾಕಿ ನೋಡುವ ಪ್ರಸಂಗವೇ ಬರಲಿಲ್ಲ. ಗುಂಡು ಬದಲಿಸಿದ, ಗಾಲಿಗಳನ್ನು ನೇರ ಮಾಡಿದ. ಸಂಗಪ್ಪ ಖುಷಿಯಿಂದ ಹೋದ.

ತಿಂಗಳು ತುಂಬುವುದರೊಳಗೆ ಮತ್ತೆ ಬಂದ. ಅದೇ ದೂರು. ನೀಲಪ್ಪ ನಗುತ್ತ ಕೈಯೊಡ್ಡಿದರೆ, ಸಂಗಪ್ಪ ಎತ್ತಲೋ ನೋಡುತ್ತ ಎಡಗೈಯಲ್ಲಿ ಚಾವಿ ಕೊಟ್ಟ. ಪಕ್ಕದ ಪಂಕ್ಚರ್ ಅಂಗಡಿಯ ರಾಯಪ್ಪ ಇದನ್ನು ನೋಡಿಬಿಟ್ಟ. ಅವನ ಬಾಯಿ ಸುಮ್ಮನಿರಬೇಕಲ್ಲ!

"ನೋಡಿದ್ಯೇನೋ? ಎಷ್ಟ ದಿನ ಚಾ ಕುಡಿದರೂ ಅವರು ಅವರ, ನಾವು ನಾವ."

ಬೇರೆ ಯಾರಾದರೂ ಎಡಗೈಯಲ್ಲಿ ಕೊಟ್ಟಿದ್ದರೆ ನೀಲಪ್ಪ ಬೈದು ಮರೆಯುತ್ತಿದ್ದ. ಕೊಟ್ಟವನು ಸಂಗಪ್ಪ. ಆವತ್ತು ನೀಲಪ್ಪ ಚಹಾ ತರಿಸಲಿಲ್ಲ, ಪಕ್ಕದಲ್ಲಿ ಕೂತು ಸುತ್ತು ಹೋಗಲೂ ಇಲ್ಲ. ಮುಂದಿನ ಎರಡು ಟಾಯರುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ. ದೋಷ ಟಾಯರಿನದಾಗಿದ್ದರೆ ಎಳೆತವೂ ದಿಕ್ಕು ಬದಲಿಸುತ್ತದೆ. "ಓಡಿಸಿ ನೋಡ್ರಿ" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದ. ಸಂಗಪ್ಪ ಏನೋ ಹೇಳುವವನಂತೆ ಒಂದು ಗಳಿಗೆ ನಿಂತು, ಲಾರಿ ಹತ್ತಿದ.

ಮೂರನೆಯ ಸಲ ಬಂದಾಗ ಸಂಗಪ್ಪನ ದನಿ ಬಿರುಸಾಗಿತ್ತು. "ಇನ್ನೂ ಎಡಕ್ಕ ಹೊಂಟೇತಿ. ಏನ್ ಮಾಡಿದ್ಯೋ ನೀ?"

ತನ್ನ ಕೆಲಸದಲ್ಲೇ ತಪ್ಪು ಹುಡುಕಿದಾಗ ನೀಲಪ್ಪನಿಗೆ ತಡೆಯಲಾಗಲಿಲ್ಲ. ಲಾರಿ ಎತ್ತಿ ಗಾಲಿಗಳನ್ನು ಮೇಲೆ ಕೆಳಗೆ ಜಗ್ಗಿ ನೋಡಿದ, ಸಡಿಲಿಲ್ಲ. ಬ್ರೇಕು ಹಿಡಿದುಕೊಂಡು ಗಾಲಿ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿದ, ತಣ್ಣಗಿತ್ತು. ಗಾಳಿ ಎರಡೂ ಕಡೆ ಸಮ. ಕೊನೆಗೆ ತಾನೇ ಓಡಿಸಿದ. ಸಮತಟ್ಟಾದ ಜಾಗದಲ್ಲಿ ಸ್ಟೇರಿಂಗ್ ಬಿಟ್ಟ. ಲಾರಿ ಗೆರೆ ಎಳೆದಂತೆ ನೇರ ಹೋಯಿತು.

"ಗಾಡ್ಯಾಗ ಏನೂ ಇಲ್ರಿ."

"ಹಂಗಾರ ನಾ ಸುಳ್ಳ ಹೇಳತೇನೇನು?"

"ಓಡಸ್ರಿ. ಬಾಜೂಕ ಕುಂದರತೇನಿ."

ಮೊದಲೇ ಮಾಡಬೇಕಿದ್ದ ಕೆಲಸ ಇದು. ರಸ್ತೆಗಳೆಲ್ಲ ನೀರು ಹರಿಯಲೆಂದು ಅಂಚಿನ ಕಡೆ ಇಳಿಜಾರು. ಯಾವ ಗಾಡಿಯಾದರೂ ಕೂದಲೆಳೆಯಷ್ಟು ಎಡಕ್ಕೆ ಸರಿಯುತ್ತದೆ, ಡ್ರೈವರನ ಬಲಗೈ ಅವನಿಗೇ ಅರಿವಿಲ್ಲದೆ ಅದನ್ನು ಹಿಡಿದಿಡುತ್ತದೆ. ಸಂಗಪ್ಪ ಗೇರ್ ಬದಲಿಸಲು ಎಡಗೈ ಬಿಟ್ಟ. ಲಾರಿ ಎಡಕ್ಕೆ ವಾಲಿತು. ಎಡಗೈ ಮರಳಿ ಬಂದಾಗ ನೆಟ್ಟಗಾಯಿತು. ಮತ್ತೊಂದು ಗೇರ್, ಮತ್ತೆ ಹಾಗೆಯೇ. ಅವನ ಬಲಗೈ ಸ್ಟೇರಿಂಗಿನ ಮೇಲೆ ಸುಮ್ಮನೆ ಬಿದ್ದಿತ್ತು, ಬೆರಳು ಜಾರುತ್ತಿದ್ದವು.

ನೀಲಪ್ಪನಿಗೆ ಲಾರಿಯ ರೋಗವೂ ತಿಳಿಯಿತು, ಅಂದು ಚಾವಿ ಕೊಟ್ಟ ಎಡಗೈಯ ಅರ್ಥವೂ ತಿಳಿಯಿತು.

"ಅಣ್ಣಾ, ಗಾಡಿ ಬಾಜೂಕ ಹಚ್ಚರಿ. ಬಲಗೈಲೆ ನನ್ನ ಕೈ ಹಿಡೀರಿ."

ಸಂಗಪ್ಪ ಹಿಡಿದ. ಹಿಡಿತವೇ ಇರಲಿಲ್ಲ.

"ಯಾವಾಗಿಂದ್ರಿ?"

"ಎರಡನೇ ಸಲ ಬಂದಿದ್ನೆಲ್ಲ, ಆವತ್ತ ಮುಂಜಾನಿಂದ. ಜೋಮು ಹಿಡದಂಗ. ಗಾಡೀದ ದೋಷ ಇರಲೆಪಾ ಅಂತ ದೇವರಿಗೆ ಬೇಡ್ಕೊಂಡೆ."

"ನನಗರ ಹೇಳಬಾರದೇನ್ರಿ?"

"ಹೇಳಾಕ ಅಂತ ನಿಂತಿದ್ದೆ. ನೀ ಮಾತಾಡಲಿಲ್ಲ."

ನೀಲಪ್ಪ ಸ್ಟೇರಿಂಗಿಗೆ ತಾನು ಕೂತು ಬೆಳಗಾವಿಯ ಒಂದು ಆಸ್ಪತ್ರೆಗೆ ಸೀದಾ ಹೊಡೆದ. ಮೊದಲು ಸಣ್ಣ ಲಕ್ವಾ ಹೊಡೆದಾಗಲೇ ಬಂದಿದ್ದರೆ, ಮಾತ್ರೆ ಶುರುವಾಗಿದ್ದರೆ ಎಂದು ಡಾಕ್ಟರರು ಅರ್ಧಕ್ಕೇ ಮಾತು ನಿಲ್ಲಿಸಿದರು. ದೊಡ್ಡದು ಅದೇ ವಾರ ಹೊಡೆಯಿತು. ಬಲಭಾಗ ಪೂರ್ತಿ ಬಿತ್ತು. ಮಾತು ತೊದಲಾಯಿತು.

ಬೆಳಗಾವಿಯಿಂದ ನೀಲಪ್ಪ ಮರಳಿ ತಂದ ಲಾರಿ ಗ್ಯಾರೇಜಿನ ಬೇವಿನ ಮರದ ಕೆಳಗೆ ಉಳಿಯಿತು. ರಾಯಪ್ಪ ಒಮ್ಮೆ ಅದರ ಬಗ್ಗೆ ಏನೋ ಹೇಳಲು ಬಂದ. ನೀಲಪ್ಪನ ಮುಖ ನೋಡಿ ಹಿಂದಿರುಗಿದ. ರಾಯಪ್ಪನ ಮೇಲೆ ತಪ್ಪು ಹೊರಿಸಿ ಹಗುರಾಗಬಹುದಿತ್ತು. ಆದರೆ ಬೆನ್ನು ತಿರುಗಿಸಿದ್ದು ತಾನೇ.

ಲಾರಿ ಮಾರುವುದೆಂದು ಸಂಗಪ್ಪನ ಮನೆಯವರು ನಿಶ್ಚಯಿಸಿದಾಗ ನೀಲಪ್ಪ ಚಾವಿಯನ್ನು ದೊಡವಾಡಕ್ಕೆ ಒಯ್ದ. ಸಂಗಪ್ಪ ಪಡಸಾಲೆಯ ಮಂಚದಲ್ಲಿ ಕೂತಿದ್ದ, ನೀಲಪ್ಪ ಚಾವಿಯನ್ನು ಅವನ ಪಕ್ಕದಲ್ಲಿಟ್ಟ. ಹೆಂಡತಿ ಗುರುಬಸವ್ವ ಚಹಾ ತರಲು ಒಳಗೆ ಹೋದಳು. ಅಷ್ಟರಲ್ಲಿ ನೀಲಪ್ಪ ಹೇಳಿಬಿಟ್ಟ.

"ಎಡಗೈಲೆ ಚಾವಿ ಕೊಟ್ರಂತ ಸಿಟ್ಟ ಬಂದಿತ್ರಿ ಅಣ್ಣಾ. ಅದಕ್ಕ ಆವತ್ತ ಜೋಡಿ ಬರಲಿಲ್ಲ. ಬಂದಿದ್ರ..."

ಸಂಗಪ್ಪ ಅವನತ್ತ ತಿರುಗಿದ. "ಗಾಡೀಗೆ... ಗಿರಾಕಿ... ನೀನ... ನೋಡು" ಎಂದು ತೊದಲಿದ. ಆಮೇಲೆ ಮಂಚದ ಮೇಲಿದ್ದ ಚಾವಿಯನ್ನು ಎಡಗೈಯಲ್ಲಿ ತೆಗೆದುಕೊಂಡ. ನೀಲಪ್ಪ ಕೈಯೊಡ್ಡಿದ. ಸಂಗಪ್ಪ ಬೇಡವೆಂದು ತಲೆಯಾಡಿಸಿ, ಚಾವಿಯನ್ನು ಮಡಿಲಲ್ಲಿ ಬಿದ್ದಿದ್ದ ತನ್ನ ಬಲಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಆ ಕೈಯನ್ನು ಎಡಗೈಯಿಂದ ಎತ್ತಿ ನೀಲಪ್ಪನತ್ತ ಚಾಚಿದ. ಅರ್ಧ ದಾರಿಯಲ್ಲಿ ಬೆರಳು ಬಿಚ್ಚಿಕೊಂಡು ಚಾವಿ ನೆಲಕ್ಕೆ ಬಿತ್ತು.

ನೀಲಪ್ಪ ಅದನ್ನು ಎತ್ತಿಕೊಳ್ಳಲಿಲ್ಲ. ಗಾಳಿಯಲ್ಲಿ ಹಾಗೇ ನಿಂತಿದ್ದ ಆ ಬರಿಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗುರುಬಸವ್ವ ಚಹಾ ತರುವವರೆಗೂ ಅತ್ತ.