ಮೇಲ್ಜಾತಿಯ ಕೋಕೋ

2013ರಲ್ಲಿ ನನ್ನ ರಕ್ತದ ಸಕ್ಕರೆ ಗಡಿರೇಖೆಗೆ ಬಂದು ನಿಂತಿತು. ಡಾಕ್ಟರು ದಿನಾ ನಡೆಯಲು ಹೇಳಿದರು. ಪುಟ್ಟೇನಹಳ್ಳಿ ಕೆರೆಯ ಬಳಿ ಬೆಳಿಗ್ಗೆ ನಡೆಯುವ ಐದಾರು ಜನರ ಗುಂಪು ಸೇರಿಕೊಂಡೆ. ಅದಕ್ಕೊಬ್ಬ ಮುಖಂಡರಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರ್, ಆಹಾರದ ವಿಷಯದಲ್ಲಿ ಸ್ವಯಂಘೋಷಿತ ಪಂಡಿತರು.

"ಮೆಟಬಾಲಿಸಂ ಅಂದ್ರೆ ತಿಂದಿದ್ದನ್ನ ಉರಿಸೋ ಒಲೆ ಕಣ್ರೀ, ಕೋಕೋ ಅದನ್ನ ಊದುತ್ತೆ," ಎಂದರು ಒಂದು ದಿನ. "ಆದ್ರೆ ಕೋಕೋದಲ್ಲಿ ಫೊರಾಸ್ಟೆರೊ ಅಂತ ಒಂದಿದೆ, ಅದು ಸಾಧಾರಣ ಜಾತಿ. ಕ್ರಿಯೊಲೊ ಮೇಲ್ಜಾತಿ. ಅದನ್ನೇ ತಿನ್ಬೇಕು."

ಕೋಕೋ ಗಿಡವನ್ನು ಕಣ್ಣಾರೆ ನೋಡದ ನಮಗೂ ಮೇಲ್ಜಾತಿಯದೇ ಬೇಕು ಎಂಬುದು ಮಾತ್ರ ತಕ್ಷಣ ಹೊಳೆಯಿತು. ಅವರೇ ಎಲ್ಲಿಂದಲೋ ತರಿಸಿ, ದಿನಾ ಒಬ್ಬೊಬ್ಬರಿಗೆ ಸಕ್ಕರೆಯಿಲ್ಲದ ಕಪ್ಪು ಚಾಕೊಲೇಟಿನ ಒಂದೊಂದು ತುಂಡು ಪ್ರಸಾದದಂತೆ ಹಂಚತೊಡಗಿದರು. ನಾವು ಕಣ್ಮುಚ್ಚಿ ಚಪ್ಪರಿಸಿ, ಒಲೆ ಹೊತ್ತಿತೆಂದು ತಲೆಯಾಡಿಸುತ್ತಿದ್ದೆವು. ಕೆರೆಗೆ ಎರಡು ಸುತ್ತು ಹಾಕುತ್ತಿದ್ದವರು ಒಂದಕ್ಕೆ ಇಳಿದೆವು. ಉಳಿದದ್ದನ್ನು ಕೋಕೋ ನೋಡಿಕೊಳ್ಳುತ್ತದಲ್ಲ!

ಮನೆಯಲ್ಲಿ ಗದಗ ಕಡೆಯ ನನ್ನ ಅತ್ತೆ ನಾನು ತಂದ ಒಂದು ಚೂರು ಬಾಯಿಗಿಟ್ಟು ಉಗಿದರು. "ಸುಟ್ಟ ಇದ್ದಲಿ ಇದ್ದಂಗ ಐತಿ. ಇದನ್ಯಾಕ ತಿಂತಿ?" ನಿಜ, ಕಹಿ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ನಾನು ಮನೆಗೆ ಬಂದ ಕೂಡಲೇ ಒಂದು ಅಚ್ಚು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮೂರು ತಿಂಗಳ ನಂತರ ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದರು. ಸಕ್ಕರೆ ಗಡಿ ದಾಟಿತ್ತು. ಅವರು ಗದರಿದ ಮೇಲೆ ನನ್ನ ಬಾಯಿಂದ ಬೆಲ್ಲದ ಕಥೆ ಹೊರಬಿತ್ತು.

"ಕೋಕೋ ಯಾವ ಜಾತಿದಾದ್ರೂ ಇರ್ಲಿ, ಬೆಲ್ಲಕ್ಕೆ ಅದೆಲ್ಲ ಗೊತ್ತಾಗಲ್ಲ ಕಣಮ್ಮ," ಎಂದರು.

ಮರುದಿನ ಗುಂಪಿನೆದುರು ಒಪ್ಪಿಕೊಂಡೆ. ಎಲ್ಲರೂ ಛೀಮಾರಿ ಹಾಕುತ್ತಾರೆಂದುಕೊಂಡಿದ್ದೆ. ಆದರೆ ಪಕ್ಕದ ರಸ್ತೆಯ ಮೇಷ್ಟರು ಕೆಮ್ಮಿ, "ನಾನು ಬಾಳೆಹಣ್ಣು," ಎಂದರು. ಮೇಷ್ಟರ ಹೆಂಡತಿ ಕ್ರೀಂ ಬಿಸ್ಕತ್ತು. ಇನ್ನೊಬ್ಬರು ಎದುರಿನ ಹೋಟೆಲಿನ ಕೇಸರಿಬಾತು. ಎಲ್ಲರೂ ಮುಖಂಡರತ್ತ ತಿರುಗಿದೆವು.

ಅವರು ಕಲ್ಲುಬೆಂಚಿನ ಮೇಲೆ ಕುಳಿತು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದರು. "ಜೇನುತುಪ್ಪ," ಎಂದರು. "ಅದೂ ಎರಡೇ ಚಮಚ."

ಮೊದಲು ನಕ್ಕವರು ಮೇಷ್ಟರ ಹೆಂಡತಿ. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ.