ಗೌರಿಯ ಮುಂದಿನ ಮಣೆ

ನಮ್ಮತ್ತೆಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ, ಬಸವನಗುಡಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಚಾಪೆ, ತಟ್ಟೆ, ಲೋಟ ಇಟ್ಟುಕೊಂಡು ಕೂತಿದ್ದಾರೆ.

"ಹೊರಗಾಗಿದೀನಿ ಕಣೇ, ಮುಟ್ಬೇಡ. ದೇವರ ದೀಪ ನೀನೇ ಹಚ್ಬಿಡು."

"ಅತ್ತೆ, ನಿಮ್ ವಯಸ್ಸು ಹಿಂದಕ್ಕೆ ಓಡ್ತಿದೆ!" ಎಂದು ಛೇಡಿಸಿದೆ. ನಾಚಿಕೊಂಡು ನಕ್ಕರು. ಅದು ಮುಟ್ಟಲ್ಲದೆ ಬೇರೇನೋ ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಅದು ಪದೇ ಪದೇ ಬಂತು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ಇದನ್ನೆಲ್ಲ ಯಾರಾದ್ರೂ ತೋರಿಸ್ಕೋತಾರಾ?" ಎಂದು ಗದರುವರು. ಗೌರಿ ಹಬ್ಬದ ದಿನವೂ ಹಾಗೇ ಆಯಿತು. ಮದುವೆಯಾದಾಗಿನಿಂದ ತಪ್ಪಿಸದ ಪೂಜೆ. ಬಾಗಿಲಾಚೆ ನಿಂತು, ಮೊದಲು ಕುಂಕುಮ ಇಡು, ಗೌರಿದಾರ ಮರೀಬೇಡ ಎಂದು ನನಗೆ ಹೇಳಿಕೊಟ್ಟರು. "ಆ ತಾಯಿಗೇ ನಾನು ಬೇಡವಾದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾರನೆಯ ವಾರ ಜಗಳವಾಡಿಯೇ ಡಾಕ್ಟರ ಬಳಿ ಕರೆದೊಯ್ದೆ.

ಗರ್ಭಕಂಠದ ಕ್ಯಾನ್ಸರ್ ಎಂದರು ಆ ಡಾಕ್ಟರಮ್ಮ. ಎಚ್‌ಪಿವಿ ಎಂಬ ವೈರಸ್ಸು ವರ್ಷಗಟ್ಟಲೆ ಸದ್ದಿಲ್ಲದೆ ಒಳಗೆ ಕೂತಿತ್ತಂತೆ. ಆಗಲೇ ಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿತ್ತಂತೆ. ಈಗ ಬಹಳ ಹರಡಿತ್ತು.

ಎಷ್ಟು ದಿನ ಬದುಕುತ್ತೇನೆಂದು ಅತ್ತೆ ಕೇಳಲಿಲ್ಲ. "ಹಾಗಾದ್ರೆ ನಾನು ಹೊರಗಾಗಿರ್ಲೇ ಇಲ್ವಾ? ಗೌರಿ ಮುಂದೆ ಕೂತ್ಕೋಬಹುದಿತ್ತಾ?" ಎಂದರು. ಮುಂದಿನ ಗೌರಿ ಹಬ್ಬಕ್ಕೆ ಅವರಿರಲಿಲ್ಲ.

ವರ್ಷಾಬ್ದಿಕ ಮುಗಿದ ಮೇಲೆ ನಾನೂ ಅದೇ ಪರೀಕ್ಷೆ ಮಾಡಿಸಿಕೊಂಡೆ. ನನ್ನಲ್ಲೂ ಎಚ್‌ಪಿವಿ ಇತ್ತು. "ಅತ್ತೆಗೆ ಬಂದಿದ್ದೇ ನಂಗೂ ಬಂತಾ?" ಎಂದೆ. "ಇದು ಕ್ಯಾನ್ಸರ್ ಅಲ್ಲ ಕಣ್ರೀ. ತುಂಬ ಹೆಂಗಸರಿಗೆ ಬರತ್ತೆ, ಎಷ್ಟೋ ಸಲ ತಾನೇ ಹೋಗತ್ತೆ. ಆದ್ರೆ ನಾನು ಹೇಳ್ದಾಗೆಲ್ಲ ಬಂದು ತೋರಿಸ್ಬೇಕು," ಎಂದರು ಡಾಕ್ಟರಮ್ಮ. ಗೌರಿ ಹಬ್ಬದ ಹಿಂದಿನ ದಿನ ಗರ್ಭಕಂಠದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಂದೆರಡು ದಿನ ಸ್ವಲ್ಪ ರಕ್ತ ಹೋಗಬಹುದು, ಹೆದರಬೇಡಿ ಎಂದರು.

ಹಬ್ಬದ ಬೆಳಿಗ್ಗೆಯೂ ರಕ್ತ ನಿಂತಿರಲಿಲ್ಲ. ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಗೌರಿಯ ಮುಂದೆ ಎರಡು ಮಣೆ ಹಾಕಿ, ಒಂದರಲ್ಲಿ ಕೂತು ದೀಪ ಹಚ್ಚಿದೆ. ಮೊದಲು ಕುಂಕುಮ, ಆಮೇಲೆ ಗೌರಿದಾರ. ಇನ್ನೊಂದು ಮಣೆಯ ಕಡೆ ತಿರುಗಿ, "ಬನ್ನಿ ಅತ್ತೆ, ಕೂತ್ಕೊಳ್ಳಿ," ಎಂದೆ.

ಇದ್ದಿದ್ದರೆ ಮನೆ ಹಾರಿಹೋಗುವಂತೆ ಗದರುತ್ತಿದ್ದರು. ಗದರುವುದಕ್ಕಾದರೂ ಇರಬೇಕಿತ್ತು.