ಹೆಬ್ಬೆರಳಿನ ಅಳತೆ

ರುಬಿನೆಮ್ ಮದುವೆಯಾದದ್ದು ಒಂದು ಕೆರಿಸ್ ಜೊತೆ. ಗಂಡು ಸಕಿಮಾನ್ ಆಗ ಸುಮಾತ್ರಾದಲ್ಲಿ ರೈಲು ಹಳಿಯ ಕೆಲಸದಲ್ಲಿದ್ದ, ರಜೆ ಸಿಗಲಿಲ್ಲ. ನಿಶ್ಚಯವಾದ ದಿನ ತಪ್ಪಿಸಬಾರದೆಂದು ಅವನ ಅಪ್ಪ ಮನೆತನದ ಆ ಬಾಕನ್ನೇ ಹಳದಿ ರೇಷ್ಮೆಯಲ್ಲಿ ಸುತ್ತಿ, ಹಿಡಿಗೆ ಮಲ್ಲಿಗೆ ಮಾಲೆ ಹಾಕಿ, ಮಗನ ಬದಲಿಗೆ ಹೆಣ್ಣಿನ ಊರಾದ ಸೋಲೋಗೆ ಹೊತ್ತು ತಂದರು. ಹೆಣ್ಣಿನ ಪಕ್ಕದ ದಿಂಬಿನ ಮೇಲೆ ಅದನ್ನು ಕೂರಿಸಿದರು.

"ಏ ನೆಮ್, ಎಷ್ಟು ಸಣಕಲು ಕಣೇ ನಿನ್ನ ಗಂಡ! ಚೆನ್ನಾಗಿ ಅನ್ನ ಹಾಕು," ಎಂದು ಓರಗೆಯವರು ಕಿಚಾಯಿಸಿದರು.

"ಸಣಕಲಾದ್ರೇನು, ಎದುರು ಮಾತಾಡಲ್ಲ, ಬೀದಿ ಸುತ್ತಲ್ಲ. ಇಂಥಾದ್ದೇ ಒಂದು ನಂಗೂ ನೋಡ್ರೇ," ಎಂದಳು ಗಂಡ ಬಿಟ್ಟ ಚಿಕ್ಕಮ್ಮ. ಮನೆಯೆಲ್ಲ ನಕ್ಕಿತು. ರುಬಿನೆಮ್ ತಲೆ ಎತ್ತಲಿಲ್ಲ. ಆದರೂ ಸಂಜೆಯವರೆಗೆ ಆ ಮಲ್ಲಿಗೆಯ ಮಾಲೆ ತನ್ನ ತೋಳಿಗೆ ತಾಕುತ್ತಿದ್ದುದು ಅವಳಿಗೆ ಹಿತವಾಗಿತ್ತು. ಸಕಿಮಾನ್ ಬಂದದ್ದು ಮುಂದಿನ ಮಳೆಗಾಲಕ್ಕೆ. ದಪ್ಪ ಕೈಯ, ಕಡಿಮೆ ಮಾತಿನ ಗಂಡಸು. ಊರಿನಲ್ಲೇ ರೈಲ್ವೆ ಗೇಟು ಕಾಯುವ ಕೆಲಸ ಸಿಕ್ಕಿತು.

ಅವನಿಗೆ ಹಳೆಯ ಕೆರಿಸ್ ಕೂಡಿಡುವ ಹುಚ್ಚು. ಕುಡಿತ, ಜೂಜು ಯಾವುದೂ ಇಲ್ಲ, ಇದೊಂದೇ. ಹಳೆ ಸಾಮಾನಿನ ಪೇಟೆಯಲ್ಲಿ ತುಕ್ಕು ಹಿಡಿದು ಬಿದ್ದ ಅಲಗನ್ನು ಎತ್ತಿಕೊಂಡರೆ ಊಟ ಮರೆತುಬಿಡುತ್ತಿದ್ದ. ಭಾನುವಾರ ಬಟ್ಟೆ ವ್ಯಾಪಾರಿ ಪ್ರವಿರೊ ಮತ್ತು ಉಳಿದ ಗೆಳೆಯರೆಲ್ಲ ಬಂದು ಚಾಪೆಯ ಮೇಲೆ ಕೂತು, ಅಲಗನ್ನು ಹಣೆಗೆ ಮುಟ್ಟಿಸಿ ಒರೆಯಿಂದ ತೆಗೆದು, ಕಬ್ಬಿಣದೊಳಗಿನ ಬಿಳಿ ಗೆರೆಗಳನ್ನು ನೋಡುತ್ತಾ ಲವಂಗದ ಸಿಗರೇಟು ಸೇದುತ್ತಿದ್ದರು. "ಹೆಂಡ್ತಿ ಮುಖ ಇಷ್ಟು ಹೊತ್ತು ನೋಡಿದ್ದು ನಾ ಕಾಣೆ," ಎಂದು ಚಹಾ ಇಡುತ್ತಾ ಅವಳು ಚುಚ್ಚಿದರೆ, "ಇದು ಸಾರಿಗೆ ಉಪ್ಪು ಜಾಸ್ತಿ ಮಾಡಲ್ವಲ್ಲ ನೆಮ್," ಎನ್ನುತ್ತಿದ್ದ. ಗೋಡೆ ತುಂಬ ಕೆರಿಸ್ ಬಂದರೂ ಮದುವೆಯ ಕೆರಿಸ್ ಮಾತ್ರ ಮಲಗುವ ಕೋಣೆಯಲ್ಲಿ, ಅವಳ ತಲೆಯ ಕಡೆ ಇರುತ್ತಿತ್ತು. ವರ್ಷಕ್ಕೊಮ್ಮೆ ಸುರೊ ತಿಂಗಳಲ್ಲಿ ಎಲ್ಲವನ್ನೂ ಎಳನೀರಲ್ಲಿ ನೆನೆಸಿ, ನಿಂಬೆರಸದಲ್ಲಿ ಉಜ್ಜಿ, ಗೆರೆ ಎದ್ದು ಕಾಣಲೆಂದು ಪಾಷಾಣ ಸವರಿ ಒಣಗಿಸುವುದು. ನಿಂಬೆ ಹಿಂಡುವುದು ಅವಳ ಪಾಲು.

ಮೊದಲು ಹುಟ್ಟಿದ್ದು ಹೆಣ್ಣು. ಓಡಾಡುವ ಹೊತ್ತಿಗೆ ಜ್ವರ ಬಂದು ತೀರಿಹೋಯಿತು. ಆಮೇಲೆ ಗಂಡು, ಅದು ಎದೆಹಾಲು ಬಿಡುವ ಮುಂಚೆಯೇ. ಎರಡನ್ನೂ ಸಕಿಮಾನನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಆಮೇಲೆ ಅವಳ ಹೊಟ್ಟೆ ತುಂಬಲೇ ಇಲ್ಲ.

ಗಂಡುಮಗು ಹೋದ ವರ್ಷದ ಸುರೊದಲ್ಲಿ ಮದುವೆಯ ಕೆರಿಸಿನ ಒರೆ ಬಿಚ್ಚಿದಾಗ ಒಳಗಿದ್ದದ್ದು ಬೇರೆ ಅಲಗು. ಅದರ ಬಳುಕು ಬೇರೆ, ಬುಡ ಬೇರೆ. ಹೆಂಗಸರು ಒರೆಯನ್ನಷ್ಟೇ ನೋಡುತ್ತಾರೆಂದು ಅವನು ಎಣಿಸಿದ್ದಿರಬೇಕು.

"ಮಾಸ್, ನನ್ನ ಕೆರಿಸ್ ಎಲ್ಲಿ?" ಎಂದು ಗಂಡನನ್ನು ಕೇಳಿದಳು.

"ಪ್ರವಿರೊಗೆ ಕೊಟ್ಟೆ."

"ಏನು ಬದಲಿಗೆ?" ಅವನು ಗೋಡೆಯ ಕಡೆ ನೋಡಿದ. ಅಲ್ಲಿ ಚಿನ್ನದ ಎಳೆ ಕೂರಿಸಿದ ಹೊಸ ಅಲಗೊಂದು ತೂಗುತ್ತಿತ್ತು.

"ಹೊಳೆಯೋದು ಬಂತು ಅಂತ ನನ್ನ ಪಕ್ಕ ಕೂತಿದ್ದನ್ನೇ ಕೊಟ್ಟುಬಿಟ್ರಾ? ಹೋಗಿ ತಗೊಂಡ್ಬನ್ನಿ!"

"ಕೊಟ್ಟಿದ್ದು ಕೊಟ್ಟಾಯ್ತು." ಅಷ್ಟೇ. ಅವಳು ನಿಂಬೆಹಣ್ಣಿನ ಬುಟ್ಟಿಯನ್ನು ಅಂಗಳಕ್ಕೆ ಒಗೆದು ಒಳಗೆ ಹೋದಳು. ಆಮೇಲೆ ಯಾವ ವರ್ಷವೂ ಹಿಂಡಲಿಲ್ಲ. ಅನ್ನ ಬೇಯಿಸಿದಳು, ಬಟ್ಟೆ ಒಗೆದಳು, ಕಾಯಿಲೆಗೆ ಕಷಾಯ ಕಾಸಿದಳು, ಆದರೆ ಗಂಡನ ಜೊತೆ ನಗಲಿಲ್ಲ. ಹಾಗೇ ಇಬ್ಬರ ತಲೆಯೂ ನರೆಯಿತು.

ಸಕಿಮಾನನ ಎದೆ ಕೆಟ್ಟಿತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವನು ಚಮಚ ಸರಿಸಿದ.

"ನೆಮ್, ಚಿನ್ನದ ಆಸೆಗೆ ಕೊಡ್ಲಿಲ್ಲ ಅದನ್ನ."

"ಈಗ್ಯಾಕೆ ಆ ಮಾತು?"

"ಹುಡುಗ ಹೋದ ಮೇಲೆ, ಪೇಟೆಯ ಮುದುಕ ಒಬ್ಬ ಅಳೆಯೋದು ಹೇಳಿಕೊಟ್ಟ." ಅಲಗಿನ ಬುಡದಿಂದ ತುದಿಯವರೆಗೆ ಒಂದರ ಮೇಲೊಂದು ಹೆಬ್ಬೆರಳು ಇಡುತ್ತಾ ಹೋಗುವುದು. ಒಂದೊಂದು ಬೆರಳಿಗೂ ಒಂದೊಂದು ಮಾತು: ಸಿರಿ, ಪದವಿ, ಸಂಪತ್ತು, ಕಾಯಿಲೆ, ಸಾವು, ಮತ್ತೆ ಸಿರಿ. ತುದಿಗೆ ಯಾವ ಮಾತು ಬರುತ್ತದೋ ಆ ಮನೆಗೆ ಅದೇ ಪಾಲು. "ಮೂರು ಸಲ ಅಳೆದೆ. ಸಾವಿಗೇ ಬಂತು. ಅದು ಬೇರೆಯವರ ಕೈಗೆ ಒಳ್ಳೇದಾದೀತು, ನಮ್ಮನೇಲಿ ಬೇಡ ಅನ್ನಿಸ್ತು."

"ನಂಗೆ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಮಂಟಪದಲ್ಲಿ ನಿನ್ನ ಪಕ್ಕ ನನ್ನ ಬದಲಿಗೆ ಕೂತಿದ್ದು ಅದು. ಅದು ಮಕ್ಕಳನ್ನ ತಿಂತು ಅಂದ್ರೆ, ನಾನೇ ತಿಂದೆ ಅಂದಂಗೆ ಅಲ್ವಾ?"

ಮಾರನೆಯ ದಿನ, "ಅದನ್ನ ಒಂದ್ಸಲ ನೋಡಿ ಬರ್ತೀನಿ, ನಾನೂ ಅಳೀತೀನಿ," ಎಂದು ಪಕ್ಕದ ಮನೆಯವಳನ್ನು ಅವನ ಬಳಿ ಕೂರಿಸಿ ಹೊರಟಳು.

ಬಾಟಿಕ್ ಬಟ್ಟೆ ಮಾರುತ್ತಿದ್ದ ಪ್ರವಿರೊ ಈಗ ಹಣ್ಣು ಮುದುಕ. ವಿಷಯ ಕೇಳಿ, ಕೆರಿಸನ್ನು ತಟ್ಟೆಯಲ್ಲಿಟ್ಟು ತಂದರು.

"ಯಾರ ಹೆಬ್ಬೆರಳಲ್ಲಿ ಅಳೆದ ಅವನು?"

"ತನ್ನದರಲ್ಲೇ."

"ಅಯ್ಯೋ ಕೆಟ್ಟೆಯಲ್ಲೋ!" ಮುದುಕ ತೊಡೆ ತಟ್ಟಿಕೊಂಡರು. "ಗಂಡಿನ ಬದಲು ಬಂದು ಕೂತ ಕೆರಿಸ್ ಆಮೇಲೆ ಹೆಣ್ಣಿಂದು ಕಣಮ್ಮ, ಹೆಣ್ಣಿನ ಬೆರಳಲ್ಲೇ ಅಳೀಬೇಕು. ನಂಗೆ ಒಂದು ಮಾತು ಅಂದಿದ್ರೆ ಹೇಳ್ತಿದ್ದೆ. ಬಾಯೇ ಬಿಡ್ಲಿಲ್ಲ ಆ ಮೌನಿ. ಈಗ ನೀವೇ ಅಳೀರಿ."

ಅವಳು ಅಲಗನ್ನು ಹಣೆಗೆ ಮುಟ್ಟಿಸಿ ಮಡಿಲಲ್ಲಿಟ್ಟುಕೊಂಡಳು. ಬೆರಳ ಮೇಲೆ ಬೆರಳು ಇಡುತ್ತಾ ಹೋದಳು. ತುದಿಗೆ ಬಂದದ್ದು ಸಿರಿ. ಇನ್ನೊಮ್ಮೆ ಅಳೆದರೂ ಸಿರಿಯೇ.

"ತಗೊಂಡ್ಹೋಗಿ. ಇದು ನಿಮ್ದೇ," ಎಂದರು ಪ್ರವಿರೊ.

ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲು ದಾಟಿದಳು. ಎಷ್ಟು ವರ್ಷದಿಂದ ಬೇಕೆಂದಿದ್ದುದು ಈಗ ಅವಳ ಎದೆಗಾನಿಕೊಂಡಿತ್ತು. ಅಂಗಳದ ಗೇಟಿನ ಹತ್ತಿರ ನಿಂತಳು. ಇದನ್ನು ಕಂಡರೆ ಅವನು ಮೊದಲು ಕೇಳುವುದೇ ಅಳತೆ. ಸಿರಿ ಎಂದರೆ, ಇದು ಮಕ್ಕಳಿಗೆ ಏನೂ ಮಾಡಿರಲಿಲ್ಲ, ನೀವು ವೃಥಾ ಕೊಟ್ಟಿರಿ, ವೃಥಾ ನಾವಿಬ್ಬರೂ ಒಬ್ಬರಿಗೊಬ್ಬರು ಇಲ್ಲವಾದೆವು ಎಂದು ಅವನ ಮುಖಕ್ಕೇ ಹೇಳಿದಂತೆ. ಉಸಿರಿಗೇ ಒದ್ದಾಡುವವನಿಗೆ ಅಷ್ಟು ಭಾರವನ್ನು ಹೊರಿಸುವುದು ಹೇಗೆ?

ತಿರುಗಿ ಹೋಗಿ ತಟ್ಟೆಯಲ್ಲಿಟ್ಟಳು. "ನಿಮ್ಮಲ್ಲೇ ಇರ್ಲಿ. ಅಳೆದ ಮಾತು ಅವರ ಕಿವಿಗೆ ಬೀಳೋದು ಬೇಡ," ಎಂದಳು. ಪ್ರವಿರೊ ತಲೆ ತಗ್ಗಿಸಿದರು.

ಮನೆಯಲ್ಲಿ ಸಕಿಮಾನ್ ಬಾಗಿಲನ್ನೇ ನೋಡುತ್ತಾ ಮಲಗಿದ್ದ.

"ಅಳೆದ್ಯಾ?"

"ಹೂಂ. ನನ್ನ ಬೆರಳಿಗೂ ಸಾವಿಗೇ ಬಂತು ಮಾಸ್. ನೀವು ಕೊಟ್ಟಿದ್ದೇ ಒಳ್ಳೇದಾಯ್ತು. ನಾನೇ ತಿಳೀದೆ ನಿಮ್ಮನ್ನ ನೋಯಿಸಿದೆ."

ಅವನು ಕೈ ಚಾಚಿ ಅವಳ ಕೈ ಹಿಡಿದ. ಅವಳ ಹೆಬ್ಬೆರಳನ್ನು ತನ್ನದರ ಪಕ್ಕ ಇಟ್ಟುಕೊಂಡು ಸುಮ್ಮನೆ ನೋಡಿದ. ಅವನದು ಗೂಟದಂಥ ಬೆರಳು, ಅವಳದು ಕಡ್ಡಿಯಂಥದ್ದು. ಅಷ್ಟು ಅಲಗು ಅಳೆದವನಿಗೆ, ಎರಡಕ್ಕೂ ಒಂದೇ ಮಾತು ಬರುವುದಿಲ್ಲವೆಂದು ತಿಳಿಯದೆ ಇರುತ್ತದೆಯೇ? ಅವನ ಕಣ್ಣು ತುಂಬಿ, ಕಿವಿಯ ಕಡೆ ಹರಿಯಿತು.

"ಹೌದಾ ನೆಮ್," ಎಂದ. "ಹಂಗಾದ್ರೆ ಸರಿ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ತಣ್ಣಗಾಗಿದ್ದ ಗಂಜಿಯನ್ನು ಇನ್ನೊಂದು ಕೈಯಲ್ಲೇ ಅವನಿಗೆ ಕುಡಿಸಿದಳು.